ಎರಡು ಗಂಟೆಯ ನಂಬರ್ ಚೆನ್ನಾಗಿಯೇ ಇತ್ತು

ಕೆಲವು ವಾರ ಏನೂ ಬರೆಯಲಿಲ್ಲ. ಕಾರಣ ಈರುಳ್ಳಿ. ಸರಿಯಾಗಿ ಹೇಳಬೇಕೆಂದರೆ ಈರುಳ್ಳಿ ತೊಟ್ಟುಕೊಂಡ ಅಂಗಿ.

ಹೊಸಬರಿಗೆ ಎರಡೇ ಮಾತು. ನನಗೆ ಟೈಪ್ 2 ಡಯಾಬಿಟಿಸ್. ಮಾತ್ರೆ ಮೆಟ್‌ಫಾರ್ಮಿನ್ ಒಂದೇ, ತೋಳಿನ ಮೇಲೆ ಹಗಲೂ ರಾತ್ರಿ ಶುಗರ್ ಅಳೆದು ಗ್ರಾಫ್ ಬರೆಯುವ ಸೆನ್ಸರ್. ರೆಸ್ಟೋರೆಂಟ್ ತಿಂಡಿಯ ರುಚಿ ಮನೆಯಲ್ಲೇ ಬರಬೇಕು, ಗ್ರಾಫ್ ಮಾತ್ರ ರೆಸ್ಟೋರೆಂಟಿನದ್ದಾಗಬಾರದು. ಇದು ನನ್ನ ಹುಚ್ಚು. ಈ ಸಲ ಆನಿಯನ್ ರಿಂಗ್ಸ್ ಸರದಿ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಈರುಳ್ಳಿ ಬಳೆ.

ಫ್ರೈಸ್ ಬಿಟ್ಟು ಆನಿಯನ್ ರಿಂಗ್ಸ್ ಯಾಕೆ ಅಂತ ಕೆಲವರು ಕೇಳಿದ್ದಿರಿ. ಫ್ರೈಸ್‌ನಲ್ಲಿ ಒಳಗೂ ಪಿಷ್ಟ, ಹೊರಗೂ ಪಿಷ್ಟ. ಹಸಿ ಆಲೂಗಡ್ಡೆ 100 ಗ್ರಾಂನಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) 17 ಗ್ರಾಂ ಆಸುಪಾಸು. ಕರಿದಾಗ ನೀರು ಹಾರಿಹೋಗಿ ಅದೇ 100 ಗ್ರಾಂ ಫ್ರೈಸ್‌ನಲ್ಲಿ 40 ಗ್ರಾಂ ದಾಟುತ್ತದೆ. ಅಲ್ಲಿ ಯಾರ ತಪ್ಪು ಎಷ್ಟು ಅಂತ ಬಿಡಿಸುವುದು ಕಷ್ಟ. ಈರುಳ್ಳಿ ಹಾಗಲ್ಲ, ಪಾಪದ್ದು. ನನ್ನ ಒಂದು ತಟ್ಟೆ ಲೆಕ್ಕ ನೋಡಿ: 120 ಗ್ರಾಂ ಈರುಳ್ಳಿಯಿಂದ ಕಾರ್ಬ್ 11 ಗ್ರಾಂ, ಅದಕ್ಕೆ ಅಂಟಿದ 60 ಗ್ರಾಂ ಒಣ ಹಿಟ್ಟಿನಿಂದ 49 ಗ್ರಾಂ. ತಿನ್ನುವುದು ಈರುಳ್ಳಿ ಅಂದುಕೊಂಡು, ತಿಂದದ್ದೆಲ್ಲ ಮೈದಾ ಮತ್ತು ಕಾರ್ನ್‌ಫ್ಲೋರ್.

ಉಪ್ಪು ಹಚ್ಚಿ ನೀರು ಬಿಡಿಸುವುದು, ಒರೆಸುವುದು, ಎರಡು ಸಲ ಕರಿಯುವುದು ನಿಮಗೆ ಗೊತ್ತಿರುವುದೇ, ಹಾರಿಸುತ್ತೇನೆ. ನೇರ 9ನೇ ಬ್ಯಾಚ್‌ಗೆ ಬರೋಣ.

9ನೇ ಬ್ಯಾಚ್ ರಾತ್ರಿ ಎಂಟಕ್ಕೆ ತಿಂದೆ. ಮಗಳು ಒಂದು ಕಚ್ಚಿ, "ಅಪ್ಪಾ, ಇದು ಅಂಗಡೀದು ಥರಾನೇ ಇದೆ" ಅಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ತಿನ್ನುವ ಮುಂಚೆ ಶುಗರ್ 112. ಒಂದು ಗಂಟೆಗೆ 141, ಎರಡು ಗಂಟೆಗೆ 148. ಊಟದ ನಂತರ 180 ದಾಟದಿದ್ದರೆ ಸಾಕು ಅನ್ನುವ ಲೆಕ್ಕ ನಮ್ಮದು, ಅಲ್ವಾ? ಗೆದ್ದೆ ಅಂತ ಡೈರಿಯಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದು ಮಲಗಿದೆ.

ಬೆಳಿಗ್ಗೆ ಗ್ರಾಫ್ ನೋಡಿದರೆ ಅಲ್ಲೊಂದು ಗುಡ್ಡ. ಹತ್ತೂವರೆಗೆ ಏರಲು ಶುರುವಾಗಿದೆ. ಹನ್ನೆರಡೂಕಾಲಕ್ಕೆ 221. ಮೂರು ಗಂಟೆವರೆಗೂ ಇಳಿಯಲು ಮನಸ್ಸೇ ಮಾಡಿಲ್ಲ. ನಾನು ಗೊರಕೆ ಹೊಡೆಯುತ್ತಿದ್ದಾಗ ಹೊಟ್ಟೆಯಲ್ಲಿ ನೈಟ್ ಶಿಫ್ಟ್ ನಡೆದಿತ್ತು.

ಮೊದಲು ಬೈದದ್ದು ಸೆನ್ಸರ್‌ಗೆ. ಬೈಯಲು ಕಾರಣವೂ ಇತ್ತು. ಈ ಸಲ ಮಾರುವವನು ಕಳಿಸಿದ ಎರಡು ಸೆನ್ಸರ್‌ಗಳಲ್ಲಿ ಒಂದರ ಅವಧಿ ಮುಗಿಯಲು ಆರೇ ದಿನ ಬಾಕಿ. ಇನ್ನೊಂದರ ಅಂಟು ಎರಡನೇ ಸ್ನಾನಕ್ಕೇ ಬಾಳೆಸಿಪ್ಪೆ ಥರ ಸುಲಿದು ಬಂತು. ದೂರು ಕೊಟ್ಟರೆ "ಫೋಟೋ ಕಳಿಸಿ" ಅಂತಾರೆ. ಕಳಿಸಿದರೆ "ಇನ್ನೂ ಸ್ಪಷ್ಟವಾಗಿ ಕಳಿಸಿ" ಅಂತಾರೆ. ಬಿದ್ದುಹೋದ ಅಂಟನ್ನು ಇನ್ನೆಷ್ಟು ಸ್ಪಷ್ಟವಾಗಿ ತೋರಿಸಬೇಕೋ ಗೊತ್ತಿಲ್ಲ. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಅದಕ್ಕೇ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತದೆ. ಹಾಗಂತ ಇಲ್ಲದ ಗುಡ್ಡವನ್ನು ನಾಲ್ಕು ಗಂಟೆ ಕಾಲ ಕಟ್ಟುವುದಿಲ್ಲ. ಆದರೂ ಅನುಮಾನ. ಮಾರನೇ ರಾತ್ರಿ ಅದೇ ತಟ್ಟೆ, ಅದೇ ಹೊತ್ತು, ಹನ್ನೆರಡೂಕಾಲಕ್ಕೆ ಅಲಾರಂ. ಎದ್ದು ಬೆರಳು ಚುಚ್ಚಿದೆ: 214. ಸ್ಟ್ರಿಪ್‌ಗೂ ಶೇ 15ರಷ್ಟು ಹಿಂದೆಮುಂದೆ ಇದ್ದೇ ಇರುತ್ತದೆ ಅಂದುಕೊಂಡರೂ ಗುಡ್ಡ ನಿಜ. (ಮೊದಲ ಚುಚ್ಚಿಗೆ 290 ಬಂದು ಎದೆ ಧಸಕ್ಕೆಂದಿತ್ತು. ಮಲಗುವ ಮುಂಚೆ ಸಾಸ್ ಬಾಟಲಿ ಮುಚ್ಚಿದ ಬೆರಳು ಅದು. ಕೈ ತೊಳೆದು ಚುಚ್ಚಬೇಕು ಅಂತ ನಾನೇ ನಿಮಗೆಲ್ಲ ಎಷ್ಟು ಸಲ ಹೇಳಿಲ್ಲ!)

ಎರಡನೇ ಆರೋಪಿ ಎಣ್ಣೆ. ಕೊಬ್ಬು ಜಾಸ್ತಿ ಇದ್ದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ. ಪಿಜ್ಜಾ ತಿಂದವರಿಗೆಲ್ಲ ಇದರ ಪರಿಚಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ದೊಡ್ಡ ಪೇಚು. ಊಟಕ್ಕೆ ಹಾಕಿದ ಡೋಸ್ ಮೊದಲೇ ಕೆಲಸ ಮಾಡಿ ಶುಗರ್ ಇಳಿಸಿಬಿಡಬಹುದು, ಪಿಷ್ಟ ಆಮೇಲೆ ಸಾವಕಾಶವಾಗಿ ಬರುತ್ತದೆ. ಇನ್ಸುಲಿನ್ ಪಂಪ್‌ಗಳಲ್ಲಿ ಒಂದು ಡೋಸನ್ನು ಒಡೆದು, ಸ್ವಲ್ಪ ಈಗ, ಉಳಿದದ್ದು ಗಂಟೆಗಟ್ಟಲೆ ನಿಧಾನವಾಗಿ ಬಿಡುವ ಸೌಲಭ್ಯ ಇರುವುದು ಇಂಥ ಊಟಕ್ಕೇ. ನೀವು ಆ ಗುಂಪಿನವರಾದರೆ ನನ್ನ ಬ್ಯಾಚ್‌ಗಳನ್ನು ಸುಮ್ನೆ ನಕಲು ಮಾಡಬೇಡಿ. ಡಾಕ್ಟರ್ ಹತ್ತಿರ ಮಾತಾಡಿಕೊಂಡು ಮಾಡಿ.

ಎಣ್ಣೆಯ ತಪ್ಪೋ, ಹಿಟ್ಟಿನ ತಪ್ಪೋ? ಇದನ್ನು ಬಿಡಿಸಲು ಮೂರು ತಟ್ಟೆ ಮಾಡಿದೆ, ಮೂರು ಬೇರೆ ದಿನ. ರಾತ್ರಿ ಹೊತ್ತು ಮೈ ಶುಗರನ್ನು ಸಂಭಾಳಿಸುವುದು ಮೊದಲೇ ಕಷ್ಟ. ಅದನ್ನು ಹೊರಗಿಡಲು ಎಲ್ಲ ಪರೀಕ್ಷೆಯನ್ನೂ ಮಧ್ಯಾಹ್ನ ಒಂದಕ್ಕೆ ತಂದೆ. ತಿಂದ ಮೇಲೆ ಓಡಾಟ ಇಲ್ಲ. ನಡೆದರೆ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಂಡು ನನ್ನ ಗ್ರಾಫನ್ನು ಚೆಂದ ಮಾಡಿಬಿಡುತ್ತವೆ. ಆರೋಗ್ಯಕ್ಕೆ ಒಳ್ಳೆಯದು, ಪ್ರಯೋಗಕ್ಕೆ ಮೋಸ. ಐದು ಗಂಟೆ ಕುರ್ಚಿಗೆ ಅಂಟಿಕೊಂಡು ಕೂತೆ. "ಇದಕ್ಕೆ ಸಂಶೋಧನೆ ಅಂತ ಬೇರೆ ಹೆಸರು" ಅಂತ ಮನೆಯವಳು ಪಕ್ಕದಿಂದ ಹಾದುಹೋದಳು.

ಒಂದನೇ ತಟ್ಟೆ: ಹಿಟ್ಟಿಲ್ಲದ ಈರುಳ್ಳಿ, ಎಣ್ಣೆಯಲ್ಲಿ ಕರಿದದ್ದು. ಹೆಚ್ಚೆಂದರೆ 24 ಪಾಯಿಂಟ್ ಏರಿತು. ಗುಡ್ಡವಲ್ಲ, ಹುತ್ತ.

ಎರಡನೇ ತಟ್ಟೆ: ಅದೇ 9ನೇ ಬ್ಯಾಚ್ ಹಿಟ್ಟು, ಓವನ್ನಿನಲ್ಲಿ ಬೇಯಿಸಿದ್ದು, ಎಣ್ಣೆ ಸವರಿದ್ದಷ್ಟೇ. 65ನೇ ನಿಮಿಷಕ್ಕೆ 207! ಮೂರು ಗಂಟೆಗೆಲ್ಲ ಇಳಿದು 120.

ಮೂರನೇ ತಟ್ಟೆ: ಅದೇ ಹಿಟ್ಟು, ಕರಿದದ್ದು. ಎರಡು ಗಂಟೆಗೆ 150. ನಾಲ್ಕು ಗಂಟೆಗೆ 196. ರಾತ್ರಿಯಷ್ಟು ಎತ್ತರ ಇಲ್ಲ, ಆದರೆ ಅಗಲ ನೋಡಬೇಕಿತ್ತು ನೀವು.

ಎರಡನೇ ಮತ್ತು ಮೂರನೇ ತಟ್ಟೆಯ ಗ್ರಾಫ್‌ಗಳನ್ನು ಚೌಕಳಿ ಹಾಳೆಯ ಮೇಲೆ ಬರೆದು, ಗೆರೆಯ ಕೆಳಗಿನ ಚೌಕ ಎಣಿಸಿದೆ. ಹತ್ತಿರ ಹತ್ತಿರ ಅಷ್ಟೇ. ಕರಿದದ್ದೇ ನಾಲ್ಕು ಚೌಕ ಜಾಸ್ತಿ. ಅಂದರೆ ಎಣ್ಣೆ ಸಕ್ಕರೆಯನ್ನು ಕಡಿಮೆ ಮಾಡಿರಲೇ ಇಲ್ಲ. ನಾನು ನೋಡದ ಹೊತ್ತಿಗೆ ಮುಂದೂಡಿತ್ತು. ಸಾಲ ಕೊಟ್ಟವನು ಬಾಗಿಲು ತಟ್ಟಿದಾಗ "ನಾಳೆ ಬಾ" ಅಂದ ಹಾಗೆ. ಎಂಟು ಬ್ಯಾಚ್ ಕಾಲ ನಾನು ಎರಡು ಗಂಟೆಗೆ ಒಂದು ಚುಚ್ಚು ಚುಚ್ಚಿ ಬೀಗಿದ್ದು ಈ "ನಾಳೆ ಬಾ"ಗೆ.

ಯಾವ ತಿಂಡಿ ಶುಗರ್ ಎಷ್ಟು ಏರಿಸುತ್ತದೆ ಅಂತ ನಂಬರ್ ಕೊಡುವ ಗ್ಲೈಸೆಮಿಕ್ ಇಂಡೆಕ್ಸ್ ಪಟ್ಟಿಯನ್ನೂ ಇಲ್ಲೇ ಸ್ವಲ್ಪ ದೂರುತ್ತೇನೆ. 1981ರಲ್ಲಿ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಅದನ್ನು ಹೊರತಂದಾಗ ದೊಡ್ಡ ಹೆಜ್ಜೆಯೇ. ಆದರೆ ಅಳೆಯುವುದು ಡಯಾಬಿಟಿಸ್ ಇಲ್ಲದವರಲ್ಲಿ ಎರಡು ಗಂಟೆ, ಇರುವವರಲ್ಲಿ ಮೂರು. ಎಣ್ಣೆ ಸೇರಿದ ತಿಂಡಿ ಆ ಕಿಟಕಿಯೊಳಗೆ ಸಾಧುವಾಗಿ ಕಾಣುತ್ತದೆ, ನಂಬರ್ ಇಳಿಯುತ್ತದೆ. ನನ್ನ ಗುಡ್ಡದ ತುದಿ ನಾಲ್ಕು ಗಂಟೆಗೆ. ಕರಿದ ತಿಂಡಿಗೆ ಆ ಪಟ್ಟಿ ನೋಡುವುದನ್ನು ನಾನಂತೂ ಬಿಟ್ಟೆ.

ಸರಿ, ಅಪರಾಧಿ ಹಿಟ್ಟು. ಹಿಟ್ಟು ಬದಲಿಸಿದರಾಯಿತು. ಹಾಗಂದುಕೊಂಡೇ ಎರಡು ವಾರ ಹೋಯಿತು.

ಗರಿಗರಿ ಬರುವುದೇ ಪಿಷ್ಟದಿಂದ. ಪಿಷ್ಟ ನೀರು ಹೀರಿ, ಬಿಸಿಗೆ ಉಬ್ಬಿ, ಆಮೇಲೆ ನೀರು ಹಾರಿ ಗಾಜಿನ ಥರ ಗಟ್ಟಿಯಾಗುತ್ತದೆ. ನಾವು ಕಟುಂ ಅಂತ ಕಚ್ಚುವುದು ಆ ಗಾಜನ್ನು. ಆ ಉಬ್ಬಿ ಬಿಚ್ಚಿಕೊಂಡ ಪಿಷ್ಟವನ್ನೇ ಹೊಟ್ಟೆಯ ರಸಗಳು ಬೇಗ ತಿಂದು ಮುಗಿಸುವುದು. ನಾಲಿಗೆಗೆ ಬೇಕಾದದ್ದೂ ಅದೇ, ಗ್ರಾಫ್ ಕೆಡಿಸುವುದೂ ಅದೇ. 10ನೇ ಬ್ಯಾಚ್ ಬರೀ ಕಡಲೆಹಿಟ್ಟು. ಪ್ರೋಟೀನು, ನಾರು ಎರಡೂ ಜಾಸ್ತಿ, ಗ್ರಾಫ್ ಸೊಗಸು. ಆದರೆ ನಾಲ್ಕೇ ನಿಮಿಷಕ್ಕೆ ಮೆತ್ತಗೆ. 11ಕ್ಕೆ ಮೊಟ್ಟೆಯ ಬಿಳಿ ಸೇರಿಸಿದೆ, ಚಪ್ಪಲಿಯ ಅಟ್ಟೆಯಾಯಿತು. ಮಗಳು ಕಚ್ಚಲಿಲ್ಲ, ಎಳೆದಳು.

12ನೇ ಬ್ಯಾಚ್ ನನ್ನ ಜಾಣತನದ ಫಲ. ಹಸಿ ಆಲೂಗಡ್ಡೆ ಪಿಷ್ಟದಲ್ಲಿ ಜೀರ್ಣವಾಗದ ಪಿಷ್ಟ ಬೇಕಾದಷ್ಟಿದೆ ಅಂತ ಓದಿ ಒಂದು ಕಿಲೋ ತರಿಸಿದೆ. ಗರಿಗರಿ ಅಂದರೆ ಅದು! ಮಗಳು ಪಕ್ಕದ ಕೋಣೆಯಿಂದ ಸದ್ದು ಕೇಳಿ ಬಂದಳು. ಗ್ರಾಫ್ 219. ಆಮೇಲೆ ಹೊಳೆಯಿತು, ಆ ಗುಣ ಇರುವುದು ಹಸಿಯಾಗಿದ್ದಾಗ ಮಾತ್ರ. ನೀರು ಮತ್ತು ಬಿಸಿ ಸೇರಿದ ತಕ್ಷಣ ಬಿಚ್ಚಿಕೊಂಡು ಮಾಮೂಲಿ ಪಿಷ್ಟ. ಬ್ಯಾಟರ್‌ನಲ್ಲಿ ಇರುವುದು ನೀರು, ಬಾಣಲೆಯಲ್ಲಿ ಇರುವುದು ಬಿಸಿ. ಮುಕ್ಕಾಲು ಕಿಲೋ ಇನ್ನೂ ಡಬ್ಬಿಯಲ್ಲಿದೆ, ಬೇಕಾದವರು ಹೇಳಿ.

ಬೇಕಾದದ್ದು ಅಮೈಲೋಸ್ (ಪಿಷ್ಟದಲ್ಲೇ ಒಂದು ಬಗೆ) ಜಾಸ್ತಿ ಇರುವ ಮೆಕ್ಕೆಜೋಳದ ಪಿಷ್ಟ. ಇದರ ಕಣಗಳು ಕುದಿಯುವ ನೀರಿನ ಬಿಸಿಗೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಸ್ವಲ್ಪ ಭಾಗ ಜೀರ್ಣವಾಗದೆ ಮುಂದೆ ಸಾಗುತ್ತದೆ. ಹೊದಿಕೆಗೆ ಗರಿಯನ್ನೂ ಕೊಡುತ್ತದೆ. ಆದರೆ ಸಿಗಬೇಕಲ್ಲ! ಒಬ್ಬ ಮಾರಾಟಗಾರ ಮೂಟೆ ಲೆಕ್ಕದಲ್ಲಿ ಮಾತ್ರ ಕೊಡುತ್ತೇನೆ ಅಂದ. ಇನ್ನೊಬ್ಬ ಕಳಿಸಿದ್ದು ಸಾದಾ ಕಾರ್ನ್‌ಫ್ಲೋರ್, ಹೊಸ ಚೀಟಿ ಅಂಟಿಸಿ. ಬಿಸಿ ನೀರಿಗೆ ಹಾಕಿದ ತಕ್ಷಣ ಗಂಜಿಯಾಗಿ ಸಿಕ್ಕಿಬಿದ್ದ. ಹಣ ವಾಪಸ್ ಕೇಳಿದರೆ "ಪ್ಯಾಕ್ ಬಿಚ್ಚಿದ್ದೀರಿ" ಅಂದ. ಬಿಚ್ಚದೆ ಗಂಜಿ ಮಾಡುವುದು ಹೇಗೆ ಅಂತ ಕೇಳಿದೆ, ಉತ್ತರ ಇಲ್ಲ. ಮೂರನೆಯವನು ಸರಿಯಾದದ್ದನ್ನೇ ಕಳಿಸಿದ, ಹದಿನೆಂಟು ದಿನ ತಗೊಂಡು.

ಕಾಯುವಾಗ ಸಾಸ್ ಕಡೆ ತಿರುಗಿದೆ. ಮಾಮೂಲಿ ಟೊಮೆಟೊ ಕೆಚಪ್ ಒಂದು ದೊಡ್ಡ ಚಮಚಕ್ಕೆ ಸಕ್ಕರೆ ನಾಲ್ಕು ಗ್ರಾಂ. ರಿಂಗ್ಸ್ ಜೊತೆ ನಾನು ಒಂದು ಚಮಚಕ್ಕೆ ನಿಲ್ಲುವವನಲ್ಲ. ಅದಕ್ಕೇ ಸಕ್ಕರೆ ಸೇರಿಸಿಲ್ಲ ಅಂತ ಬರೆದ ಡಿಪ್ ತಂದೆ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಎರಡನೇ ಹೆಸರೇ ಮಾಲ್ಟೊಡೆಕ್ಸ್‌ಟ್ರಿನ್. ಹೆಸರಿಗೆ ಸಕ್ಕರೆಯಲ್ಲ, ನಾಲಿಗೆಗೆ ಸಿಹಿಯೂ ಅಷ್ಟಿಲ್ಲ, ರಕ್ತಕ್ಕೆ ಮಾತ್ರ ಗ್ಲೂಕೋಸ್‌ನಷ್ಟೇ ಬೇಗ. ಈಗ ಮೊಸರು, ಬೆಳ್ಳುಳ್ಳಿ, ವಿನಿಗರ್ ಕಲಸಿಕೊಳ್ಳುತ್ತಿದ್ದೇನೆ.

ತರಕಾರಿ ಮೊದಲು ತಿನ್ನುವ ಉಪಾಯವನ್ನೂ ನೋಡಿದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಟೈಪ್ 2 ಇರುವ 11 ಜನರಲ್ಲಿ, ತರಕಾರಿ ಮತ್ತು ಪ್ರೋಟೀನ್ ಮೊದಲು, ಕಾರ್ಬ್ ಕೊನೆಗೆ ತಿಂದರೆ ಏರಿಕೆ ತಗ್ಗುತ್ತದೆ ಅಂತ ತೋರಿಸಿದ್ದರು. ನನ್ನ 9ನೇ ಬ್ಯಾಚ್ ಮೇಲೆ ಅದು ಅಷ್ಟಾಗಿ ನಡೆಯಲಿಲ್ಲ. ಗುಡ್ಡ ಮೊದಲೇ ಎಣ್ಣೆಯಿಂದ ಮುಂದಕ್ಕೆ ಹೋಗಿತ್ತು, ಇನ್ನರ್ಧ ಗಂಟೆ ಆಚೆ ಸರಿಯಿತು ಅಷ್ಟೇ. ಅವರ ಪ್ರಯೋಗ ಕರಿದ ತಿಂಡಿಯ ಮೇಲಲ್ಲ, ಅವರನ್ನು ಬೈಯುವ ಹಾಗಿಲ್ಲ.

17ನೇ ಬ್ಯಾಚ್, ಮೊನ್ನೆ. ಕಡಲೆಹಿಟ್ಟು 42 ಗ್ರಾಂ, ಆ ಪಿಷ್ಟ 18, ಚಿಟಿಕೆ ಬೇಕಿಂಗ್ ಪೌಡರ್, ಫ್ರಿಜ್‌ನಲ್ಲಿಟ್ಟ ಸೋಡಾ ನೀರು. ಹಿಟ್ಟನ್ನು ಎಷ್ಟು ತೆಳ್ಳಗೆ ಕಲಸಿದೆ ಅಂದರೆ ಈರುಳ್ಳಿಯ ಬಣ್ಣ ಕಾಣಬೇಕು. ಕಡಲೆಹಿಟ್ಟಿನ ಪಾಲಿನಲ್ಲಿ ನಾರು ಕಳೆದರೆ ಕಾರ್ಬ್ 20 ಗ್ರಾಂ ಆಸುಪಾಸು. ಕೊನೆಯ ತೊಡಕು ಎಣ್ಣೆಯ ಬಿಸಿ. ನನ್ನ ಥರ್ಮಾಮೀಟರ್ 180 ತೋರಿಸುತ್ತಿತ್ತು, ರಿಂಗ್ಸ್ ಎಣ್ಣೆ ಕುಡಿದು ಬರುತ್ತಿದ್ದವು. ಕುದಿಯುವ ನೀರಿಗೆ ಅದ್ದಿ ನೋಡಿದರೆ 118 ಅಂತು! ಹೊಸತು ತಂದ ಮೇಲೆ ಮೊದಲ ಸಲ 160, ಎರಡನೇ ಸಲ ನಿಜವಾದ 185.

ಮೂರು ದಿನ, ಮಧ್ಯಾಹ್ನ ಒಂದಕ್ಕೆ, ಐದು ಗಂಟೆ ಕುರ್ಚಿಯಲ್ಲಿ. ತುದಿ 163, 171, 158. ಮೂರೂ ದಿನ ನಾಲ್ಕು ಗಂಟೆಗೆ 150ರ ಕೆಳಗೆ. ಒಂದೇ ತಟ್ಟೆ, ಒಂದೇ ಮನುಷ್ಯ, ಆದರೂ 13 ಪಾಯಿಂಟ್ ವ್ಯತ್ಯಾಸ. ಅದಕ್ಕೇ ಒಂದೇ ಸಲ ಅಳೆದು ಕುಣಿಯಬೇಡಿ ಅನ್ನುವುದು. ಗರಿಗರಿ ಹನ್ನೊಂದು ನಿಮಿಷ ನಿಂತಿತು. ಅಂಗಡಿಯದ್ದು ಇಪ್ಪತ್ತು ದಾಟುತ್ತದೆ, ಒಪ್ಪಿದೆ. ನಾನು ಹನ್ನೊಂದು ನಿಮಿಷಕ್ಕಿಂತ ಮುಂಚೆಯೇ ತಿಂದು ಮುಗಿಸುತ್ತೇನೆ.

ರಾತ್ರಿ ಎಂಟರ ಪರೀಕ್ಷೆ ಇನ್ನೂ ಬಾಕಿ. ಇವತ್ತೇ ಮಾಡೋಣವೆಂದರೆ ಈ ಸೆನ್ಸರ್ ಹತ್ತೂವರೆಗೆ ಮುಗಿಯುತ್ತದೆ, ಸರಿಯಾಗಿ ಗುಡ್ಡ ಏಳುವ ಹೊತ್ತಿಗೆ. ಹೊಸದು ಹಾಕಿದರೆ ಮೊದಲ ದಿನ ಅದರ ಮಾತು ನಂಬುವ ಹಾಗಿಲ್ಲ. ನಾಡಿದ್ದಿಗೆ ಇಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ಫ್ರಿಜ್‌ನಲ್ಲಿ ಎರಡು ಡಬ್ಬಿ ಬೇಯಿಸಿದ ಆಲೂಗಡ್ಡೆ ಸೇರಿಕೊಂಡಿದೆ. ತಣ್ಣಗಾದಾಗ ಪಿಷ್ಟ ಮತ್ತೆ ಒತ್ತೊತ್ತಾಗಿ ಕೂತು ಸ್ವಲ್ಪ ಭಾಗ ಜೀರ್ಣಕ್ಕೆ ಸಿಗದಂತಾಗುತ್ತದೆ, ಮತ್ತೆ ಬಿಸಿ ಮಾಡಿದರೂ ಅದರಲ್ಲಿ ಒಂದಷ್ಟು ಉಳಿಯುತ್ತದೆ. ಉಳಿದದ್ದು ಕರಿಯುವ ಬಿಸಿಗೆ ಎಷ್ಟು ತಡೆಯುತ್ತದೋ ನೋಡಬೇಕು. ಒಂದು ಡಬ್ಬಿಗೆ 12 ಗಂಟೆ, ಇನ್ನೊಂದಕ್ಕೆ 24. ಮುಚ್ಚಳದ ಮೇಲೆ ಮಗಳು ಬರೆದಿದ್ದಾಳೆ: "ಮುಟ್ಟಬೇಡಿ, ಅಪ್ಪನ ಹುಚ್ಚು."