ಮೇಲಿನಿಂದ ಕಾಣುತ್ತದೆಯೇ?

ಸಣ್ಣ ವಿಮಾನಗಳ ನಿಲ್ದಾಣವಾಗಿದ್ದು ಈಗ ಮುಚ್ಚಿಹೋದ ನಮ್ಮ ಏರ್‌ಫೀಲ್ಡಿನ ಹ್ಯಾಂಗರಿನಲ್ಲಿ (ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ) ಉಳಿದಿದ್ದ ಹೆಡ್‌ಸೆಟ್ಟನ್ನೂ ಹಳೆಯ ಲಾಗ್‌ಬುಕ್ಕನ್ನೂ ತರಲೆಂದು ಕಳೆದ ಭಾನುವಾರ ಹೋಗಿದ್ದೆ. ಐದು ನಿಮಿಷದ ಕೆಲಸ. ಆದರೆ ರನ್‌ವೇಯ ತುದಿಯಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ ಮೈದಾನದ ಕೆಲಸಗಾರರು ಕೇಳಿದ ಒಂದು ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ.

"ಸರ್, ಮೇಲಿನಿಂದ ಇದು ಸರಿಯಾಗಿ ಕಾಣುತ್ತದೆಯೇ?"

'ಇದು' ಎಂದರೆ ಅವರು ಆಗಷ್ಟೇ ಬಳಿದು ಮುಗಿಸಿದ್ದ ಬಿಳಿಯ ದೊಡ್ಡ ಇಂಟು ಗುರುತು. ರನ್‌ವೇಯನ್ನು ಶಾಶ್ವತವಾಗಿ ಮುಚ್ಚಿದಾಗ ಅದರ ಎರಡೂ ತುದಿಗಳಲ್ಲಿ ಈ ಗುರುತನ್ನು ಹಾಕಬೇಕು, ಅಲ್ಲಿಯವರೆಗಿನ ಗುರುತುಗಳನ್ನು ಅಳಿಸಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ; ಹಳೆಯ ನಕ್ಷೆಯನ್ನು ನಂಬಿ ಬಂದ ಪೈಲಟ್ ಅದನ್ನು ನೋಡಿ ಮುಂದಕ್ಕೆ ಹೋಗಬೇಕು. ಅಂದರೆ ಬೆಳಗಿನಿಂದ ಅವರು ಅಳಿಸಿದ್ದು ಪ್ರತಿ ವರ್ಷ ತಾವೇ ತಿದ್ದಿ ಬಳಿಯುತ್ತಿದ್ದ 09 ಮತ್ತು 27 ಎಂಬ ಅಂಕಿಗಳನ್ನು. ಈ ಅಂಕಿಗಳು ಹೇಳುವುದು ರನ್‌ವೇಯ ದಿಕ್ಕನ್ನು: ಪಶ್ಚಿಮಕ್ಕೆ ಮುಖ ಮಾಡಿದರೆ ದಿಕ್ಸೂಚಿ 270 ಡಿಗ್ರಿ ತೋರಿಸುತ್ತದೆ, ಕೊನೆಯ ಸೊನ್ನೆ ಬಿಟ್ಟರೆ 27. ಭೂಮಿಯ ಕಾಂತೀಯ ಉತ್ತರ ನಿಧಾನವಾಗಿ ಸರಿಯುತ್ತಿರುವುದರಿಂದ ಈ ಅಂಕಿಗಳು ಕೆಲವು ದಶಕಗಳಿಗೊಮ್ಮೆ ಬದಲಾಗುವುದುಂಟು. ಹಿಂದೊಮ್ಮೆ 26ನ್ನು 27 ಮಾಡಿದವರೂ ಇವರೇ.

ಏರ್‌ಫೀಲ್ಡ್ ಏಕೆ ಮುಚ್ಚಿತೆಂಬುದರಲ್ಲಿ ಹೊಸತೇನಿಲ್ಲ. ಓಡುವ ವಿಮಾನಗಳನ್ನು ಕಂಡೇ ಪಕ್ಕದಲ್ಲಿ ಮನೆ ಕಟ್ಟಿದವರು ಆಮೇಲೆ ಸದ್ದಿನ ಬಗ್ಗೆ ದೂರು ಕೊಟ್ಟರೆಂಬ ಸಿಟ್ಟು ನನಗಿನ್ನೂ ಆರಿಲ್ಲ. ಆದರೆ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಇಂದಿಗೂ ಸುಡುವುದು ಸೀಸ ಬೆರೆತ ನೀಲಿ ಇಂಧನವನ್ನು. ಮಕ್ಕಳಿರುವ ಮನೆಯವರು ಅದಕ್ಕೆ ಹೆದರಿದರೆ ತಪ್ಪೆನ್ನಲಾರೆ. ಏರ್‌ಫೀಲ್ಡಿನ ಸದಸ್ಯರಾದ ನಾವಾದರೂ ಏನು ಮಾಡಿದೆವು? ಸಭೆಗೆ ಬಾರದೆ ಉಳಿದವರೇ ಹೆಚ್ಚು, ಕೊನೆಯ ದಿನ ಬಂದ ಒಬ್ಬರು ತಮ್ಮ ಮಡಚುವ ಕುರ್ಚಿಯನ್ನಷ್ಟೇ ಹುಡುಕಿ ಒಯ್ದರು.

ನಾನು ಮೊದಲು 'ಹಾರಿದ' ಏರ್‌ಫೀಲ್ಡ್ ಷಿಕಾಗೋದ ಮೀಗ್ಸ್ ಫೀಲ್ಡ್, ಅದೂ ಕಂಪ್ಯೂಟರಿನಲ್ಲಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ವಿಮಾನ ಹಾರಿಸುವ ಆಟದ ಹಳೆಯ ಆವೃತ್ತಿಗಳನ್ನು ತೆರೆದರೆ ವಿಮಾನ ನಿಂತಿರುತ್ತಿದ್ದುದು ಅಲ್ಲಿಯೇ. 2003ರ ಮಾರ್ಚ್ 30ರ ರಾತ್ರಿ ಅಲ್ಲಿನ ಮೇಯರ್ ರಿಚರ್ಡ್ ಡೇಲಿ ಬುಲ್‌ಡೋಜರುಗಳನ್ನು ಕಳುಹಿಸಿ ರನ್‌ವೇಯ ಮೇಲೆ ಇಂಟು ಗುರುತುಗಳನ್ನೇ ಅಗೆಸಿದರು. ನಿಂತಿದ್ದ ವಿಮಾನಗಳು ಸಿಕ್ಕಿಹಾಕಿಕೊಂಡು, ಆಮೇಲೆ ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಿಂದಲೇ ಮೇಲೇಳಬೇಕಾಯಿತು. 30 ದಿನ ಮೊದಲು ತಿಳಿಸದ ತಪ್ಪಿಗೆ ನಗರಕ್ಕೆ ಬಿದ್ದ ದಂಡ 33,000 ಡಾಲರ್. ಅದನ್ನು ದೌರ್ಜನ್ಯವೆಂದೇ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ಆದರೆ ಅಲ್ಲಿ ಜಗಳವಾಡಲು ಎದುರಿಗೊಬ್ಬರಿದ್ದರು. ನಮ್ಮಲ್ಲಿ ಎಲ್ಲವೂ ನೋಟಿಸಿನ ಮೂಲಕ, ನಯವಾಗಿ ನಡೆಯಿತು. ಕೊನೆಗೆ ಗುರುತು ಹಾಕುವ ಕೆಲಸವೂ ಅದನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿಕೊಂಡವರ ಪಾಲಿಗೇ ಬಂತು.

"ಚೆನ್ನಾಗಿ ಕಾಣುತ್ತದೆ," ಎಂದುಬಿಟ್ಟೆ.

ಹೇಗೆ ಹೇಳಿದೆ? ನಾನು ನಿಂತಿದ್ದುದೂ ನೆಲದ ಮೇಲೆಯೇ. ನಾಲಿಗೆಯಿಂದ ಮಾತು ಜಾರಿದ ಮೇಲೆ ಹೊಳೆದದ್ದೇನೆಂದರೆ, ಆಕಾಶದಲ್ಲಿರುವವರಷ್ಟೇ ಓದುವ ಅಕ್ಷರಗಳನ್ನು ಇಷ್ಟು ವರ್ಷ ಬರೆದ ಈ ಮನುಷ್ಯ ಅವನ್ನು ಒಮ್ಮೆಯೂ ಮೇಲಿನಿಂದ ನೋಡಿಲ್ಲ. ಪ್ರತಿ ಬಾರಿ ಬಣ್ಣ ಬಳಿದಾಗಲೂ ಇಳಿದು ಬಂದ ಯಾರನ್ನೋ ನಿಲ್ಲಿಸಿ ಇದೇ ಪ್ರಶ್ನೆ ಕೇಳುತ್ತಿದ್ದರು, ನಾವು ಹೆಬ್ಬೆರಳೆತ್ತಿ ನಡೆದುಬಿಡುತ್ತಿದ್ದೆವು. ನಮ್ಮದು ಎರಡು ಸೀಟಿನ ವಿಮಾನ. ಬಲಗಡೆಯ ಸೀಟಿನಲ್ಲಿ ಎಷ್ಟೋ ಸಲ ನನ್ನ ಜಾಕೆಟ್ ಕೂತು ಹಾರಿದೆ. ಬನ್ನಿ, ನೀವೇ ನೋಡಿ ಎಂದು ಒಬ್ಬರೂ ಕರೆಯಲಿಲ್ಲ. ಅವರು ಬರುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಸಾಮಾನು ಕಾರಿನಲ್ಲಿಟ್ಟು ತಿರುಗಿ ನೋಡಿದಾಗ ಅವರು ಹ್ಯಾಂಗರಿನ ಗೋಡೆಗೆ ಏಣಿ ಆನಿಸಿ ಸೂರಿನ ಮಟ್ಟಕ್ಕೆ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು ರನ್‌ವೇಯತ್ತ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಳಿದು ಬಂದು, ನನ್ನತ್ತ ನೋಡದೆ, ಡಬ್ಬಿ ಎತ್ತಿಕೊಂಡು ಇಂಟು ಗುರುತಿನ ಎಡಗಡೆಯ ತುದಿಗೆ ಹೋಗಿ ಕುಳಿತರು.