ಜಾಯಿಕಾಯಿ ಕಸಿ: ಕುಡಿ ಕೊಯ್ಯುವಾಗಲೇ ಅರ್ಧ ಕೆಲಸ

ಜಾಯಿಕಾಯಿ ಸಸಿ ಕೊಳ್ಳಲು ನರ್ಸರಿಗೆ ಬಂದವರು ಮೊದಲು ಕೇಳುವುದು, "ಇದು ಹೆಣ್ಣೇ ತಾನೆ?" ಬೀಜದ ಸಸಿಯಾದರೆ ಯಾರೂ ಹೇಳಲಾರರು. ಗಂಡು, ಹೆಣ್ಣು ಬೇರೆ ಬೇರೆ ಮರ. ಆರೇಳು ವರ್ಷ ಸಾಕಿ ಹೂ ಬಿಟ್ಟ ಮೇಲೆ ನೋಡಿದರೆ ಹೆಚ್ಚುಕಮ್ಮಿ ಅರ್ಧದಷ್ಟು ಗಂಡು. ಹೆಣ್ಣೆಂದು ಗೊತ್ತಿರುವ ಮರದ ಕುಡಿಯನ್ನು, ಅಂದರೆ ಕೊಂಬೆ ತುದಿಯ ಚಿಗುರನ್ನು, ಬೀಜದ ಸಸಿಗೆ ಕೂಡಿಸಿ ಕಸಿ ಕಟ್ಟುವುದು ಅದಕ್ಕೇ.

ಇಂಡೋನೇಷ್ಯಾದ ಬಂಡಾ ದ್ವೀಪಗಳ ಮರ ಇದು. ಅಲ್ಲಿ ಎತ್ತರದ ಕನಾರಿ ಮರಗಳ ನೆರಳಲ್ಲಿ, ಸದಾ ತೇವದ ಗಾಳಿಯಲ್ಲಿ ಬೆಳೆಯುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಅಡಿಕೆ ತೋಟಕ್ಕೆ ಹೊಂದಿಕೊಂಡದ್ದೂ ಆ ಗುಣದಿಂದಲೇ. ಒಣಗುವುದನ್ನು ಮಾತ್ರ ಅದು ತಾಳದು, ಬೀಜವೂ ಅಷ್ಟೆ, ಕುಡಿಯೂ ಅಷ್ಟೆ. ಬೀಜ ಅಲ್ಲಾಡಿಸಿದಾಗ ಚಿಪ್ಪಿನೊಳಗೆ ತಿರುಳು ಲೊಟಲೊಟ ಅಂದರೆ ಅದು ಅಂಗಡಿಗೆ ಸರಿ, ಬಿತ್ತುವ ಮಡಿಗೆ ಬೇಡ. ಕಾಯಿ ಒಡೆದ ಕೂಡಲೇ ಬೀಜಕ್ಕೆ ಸುತ್ತಿದ ಕೆಂಪು ಜಾಪತ್ರೆ ಬಿಡಿಸಿ ಒದ್ದೆ ಮರಳಲ್ಲಿ ಹಾಕಬೇಕು. ಮೊಳಕೆಗೆ ಒಂದರಿಂದ ಮೂರು ತಿಂಗಳು ಬೇಕು, ಅವಸರಪಟ್ಟು ಕೆದಕಬೇಡಿ.

ಮೊದಲ ಎಲೆ ಬಿಡುವ ಹಂತದ, ಕಾಂಡ ಅರ್ಧ ಸೆಂ.ಮೀ. ಅಥವಾ ಇನ್ನೂ ದಪ್ಪವಿರುವ ಸಸಿ ಕಸಿಗೆ ತಕ್ಕದ್ದು. ಕಾಂಡವನ್ನು ಸುಮಾರು ಮೂರೂವರೆ ಸೆಂ.ಮೀ. ಸೀಳಿ, ಅಷ್ಟೇ ದಪ್ಪದ, ಎರಡು ಮೂರು ಎಲೆಯ ಕುಡಿಯನ್ನು ಬೆಣೆಯಂತೆ ಹೆರೆದು ಕೂರಿಸಿ, ಪಾಲಿಥೀನ್ ಪಟ್ಟಿ ಬಿಗಿದು, ಕುಡಿಯ ಮೇಲೆ ಕವರ್ ಹಾಕಿ ನೆರಳಲ್ಲಿಡಿ. ದಪ್ಪ ಹೊಂದದಿದ್ದರೆ ಒಂದು ಬದಿಯ ತೊಗಟೆಯಾದರೂ ತೊಗಟೆಗೆ ತಾಗಲೇಬೇಕು. ಕೈ ನಿಧಾನವಾದರೆ ಹೆರೆದ ಜಾಗ ಒಣಗಿ ಕಪ್ಪಾಗುತ್ತದೆ, ಅದು ಕೂಡುವುದಿಲ್ಲ. ತಿಂಗಳ ನಂತರ ಕವರ್ ತೆಗೆದು, ಚಿಗುರಿದವನ್ನು ಮಣ್ಣು, ಮರಳು, ಸಗಣಿಗೊಬ್ಬರ 3:3:1ರ ಚೀಲಕ್ಕೆ ಬದಲಿಸಿ. ಪಟ್ಟಿ ಬಿಚ್ಚುವುದು ಮೂರು ತಿಂಗಳಿಗೆ. ತೋಟಕ್ಕೆ ಹೋಗಲು ವರ್ಷವಾಗಲಿ.

ಮೋಸ ಹೋಗುವುದು ಕುಡಿಯಲ್ಲಿ. ಅಡ್ಡ ಕೊಂಬೆಯ ಕುಡಿ ಒಂದು ಮರದಲ್ಲಿ ಬೇಕಾದಷ್ಟು ಸಿಗುತ್ತದೆ, ಕಸಿಯೂ ಸಲೀಸು. ಆದರೆ ಆ ಗಿಡ ನೆಟ್ಟಗೆ ಏಳದೆ ಪೊದೆಯಂತೆ ಹರಡುತ್ತದೆ. ಅಡಿಕೆ ಸಾಲಿನ ನಡುವೆ ಗೊನೆ ಕೊಯ್ಯುವವರಿಗೆ ಅದು ದಿನದ ರಗಳೆ. ಮರದ ರೂಪ ಬೇಕಿದ್ದರೆ ನೆಟ್ಟಗೆ ಬೆಳೆದ ಚಿಗುರೇ ಆಗಬೇಕು. ಅದು ಸಿಗುವುದು ಕಡಿಮೆ, ಹಾಗಾಗಿ ದರ ಜಾಸ್ತಿ. ಆ ವ್ಯತ್ಯಾಸ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ತೋಟ ಖಾಲಿ ಜಾಗವಾಗಿದ್ದರೆ ಅಡ್ಡಕುಡಿಯೂ ನಡೆಯುತ್ತದೆ.

ಎಲ್ಲವೂ ಹೆಣ್ಣೇ ನೆಟ್ಟು ಕಾಯಿ ಕಾಣದವರೂ ಇದ್ದಾರೆ. ಹತ್ತು ಹೆಣ್ಣಿಗೆ ಒಂದು ಗಂಡು ಇರಲಿ, ಅಂಚಿಗೆ ಬೇಡ, ನಡುವೆ ಬರುವಂತೆ ನೆಡಿ.