ರೀಲ್ ಓಡಿತು, ಸರಿ. ಬೀಟ್ ಯಾರದ್ದು?

ಶಿರಸಿ, ಕಾರವಾರ ಕಡೆಯ ಹುಡುಗರ ರ‍್ಯಾಪ್ ರೆಕಾರ್ಡ್ ಮಾಡಿ, ಸ್ಪಾಟಿಫೈ, ಯೂಟ್ಯೂಬ್‌ಗೆ ಏರಿಸಿಕೊಡುವ ಕೆಲಸ ನಮ್ಮದು. ರೀಲ್ ಓಡಿದ ಕೂಡಲೇ ಎಲ್ಲರೂ ಕೇಳುವುದು ಪೂರ್ತಿ ಹಾಡು ಯಾವಾಗ ಅಂತ. ನಾವು ಮೊದಲು ಕೇಳುವುದು ಬೀಟಿನ, ಅಂದರೆ ಮಾತಿನ ಹಿಂದೆ ಓಡುವ ಸಂಗೀತದ, ಹಕ್ಕಿನ ಕಾಗದ.

ಯೂಟ್ಯೂಬ್‌ನಲ್ಲಿ 'ಫ್ರೀ' ಅಂತ ಬರೆದ ಬೀಟ್ ಹೆಚ್ಚಿನ ಸಲ ದುಡ್ಡು ಮಾಡದ ಬಳಕೆಗೆ ಮಾತ್ರ ಫ್ರೀ. ಹಾಡಿನಿಂದ ಆದಾಯ ಬರಬೇಕಾದರೆ ಲೀಸ್, ಅಂದರೆ ದುಡ್ಡು ಕೊಟ್ಟು ಪಡೆಯುವ ಬಳಕೆಯ ಪರವಾನಗಿ, ಬೇಕು. ಕಡಿಮೆ ದರದ ಲೀಸ್‌ಗೆ ಸಾಮಾನ್ಯವಾಗಿ ಸ್ಟ್ರೀಮ್‌ಗಳ (ಆನ್‌ಲೈನ್‌ನಲ್ಲಿ ಹಾಡು ಕೇಳಿದ ಲೆಕ್ಕ) ಮಿತಿ ಇರುತ್ತದೆ, ಅದೇ ಬೀಟನ್ನು ಬೇರೆಯವರಿಗೂ ಮಾರಿರುತ್ತಾರೆ. ಅಂಥ ಬೀಟಿನ ಹಾಡನ್ನು ಕಂಟೆಂಟ್ ಐಡಿಗೆ (ಅದೇ ಸಂಗೀತವಿರುವ ವಿಡಿಯೊಗಳನ್ನು ತಾನಾಗಿ ಹುಡುಕುವ ಯೂಟ್ಯೂಬ್ ವ್ಯವಸ್ಥೆ) ಸೇರಿಸಬಾರದು. ಸೇರಿಸಿದರೆ ಅದೇ ಬೀಟ್ ಕೊಂಡ ಇನ್ನೊಬ್ಬನ ವಿಡಿಯೊಗೆ ನಿಮ್ಮ ಹೆಸರಲ್ಲಿ ಹಕ್ಕಿನ ಕ್ಲೇಮ್ ಬೀಳುತ್ತದೆ, ಆಮೇಲೆ ಜಗಳ ಬಿಡಿಸುವುದೇ ಕೆಲಸ. ರಸೀದಿ, ಲೈಸೆನ್ಸ್ ಪಿಡಿಎಫ್, ಬೀಟ್ ಮಾಡಿದವನ ಅಸಲಿ ಹೆಸರು, ಮೂರನ್ನೂ ಹಾಡಿನ ಫೋಲ್ಡರಿನಲ್ಲೇ ಇಡಿ. ಯಕ್ಷಗಾನದ ಚಂಡೆ ಬೇಕೆನಿಸಿದರೆ ಹಳೆ ಆಟದ ರೆಕಾರ್ಡಿಂಗಿನಿಂದ ಕತ್ತರಿಸಬೇಡಿ. ಚಂಡೆಯವರನ್ನೇ ಕರೆದು ನುಡಿಸಿ, ಸಂಭಾವನೆ ಕೊಟ್ಟು, ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ.

ಲೇಬಲ್ (ಹಾಡಿನ ಹಕ್ಕು ಪಡೆದು ಹೊರತರುವ ಕಂಪನಿ) ಕಳಿಸುವ ಕರಾರು ಇನ್ನೊಂದು ತಲೆನೋವು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅದಕ್ಕೇ ಕರಾರುಗಳಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅನ್ನುವ ಸಾಲು ನುಸುಳಿರುತ್ತದೆ. ಆ ಸಾಲು ಹುಡುಕಿ, ವರ್ಷ ಬರೆಸಿ. ಹುಡುಗನಿಗೆ 18 ತುಂಬದಿದ್ದರೆ ಅವನ ಸಹಿ ನಡೆಯುವುದಿಲ್ಲ. ಅಪ್ಪ ಅಮ್ಮ ಕೂತು ಓದಲಿ, ಸಾಧ್ಯವಾದರೆ ವಕೀಲರಿಗೂ ತೋರಿಸಲಿ.

ರೆಕಾರ್ಡಿಂಗಿಗೆ ನಮ್ಮಲ್ಲಿ ಮಳೆಗಾಲವೇ ದೊಡ್ಡ ಶತ್ರು. ತಗಡಿನ ಮಾಡಿನ ಕೆಳಗೆ ಜುಲೈನಲ್ಲಿ ಧ್ವನಿ ಹಿಡಿಯಲು ಹೋಗಬೇಡಿ. ಮಳೆ ಸದ್ದು ಸಾಫ್ಟ್‌ವೇರಿನಲ್ಲಿ ತೆಗೆದರೆ ಸ, ಶ, ಚ ಕೂಡ ಸವೆಯುತ್ತವೆ, ರ‍್ಯಾಪಿನಲ್ಲಿ ಮಾತು ಸ್ಪಷ್ಟ ಕೇಳುವುದೇ ಅವುಗಳಿಂದ. ಕಂಡೆನ್ಸರ್ ಮೈಕಿನ ಕ್ಯಾಪ್ಸೂಲಿಗೆ (ಧ್ವನಿ ಹಿಡಿಯುವ ಭಾಗ) ತೇವ ಹಿಡಿದರೆ ಚಟಚಟ ಸದ್ದು ಬರುತ್ತದೆ. ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ಬಾಯಿಗೂ ಮೈಕಿಗೂ ಒಂದು ಗೇಣು, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಪರದೆ), ಗಟ್ಟಿ ಸಾಲಿನಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಗೇನ್ (ಮೈಕಿನ ಧ್ವನಿ ಮಟ್ಟ) ಇರಲಿ.

ಇನ್ನು ಉಸಿರು. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಪೆಟ್ಟು) 16 ಬಾರ್ (ಒಂದು ಬಾರಿಗೆ ನಾಲ್ಕು ಪೆಟ್ಟು) ಅಂದರೆ ಸುಮಾರು 43 ಸೆಕೆಂಡು, 140ರಲ್ಲಿ 27. ರೀಲಿಗಾಗಿ ಎರಡೆರಡು ಸಾಲು ಹಿಡಿದು ಜೋಡಿಸಿದ ವರ್ಸ್ (ಹಾಡಿನ ಚರಣ) ಕೇಳಲು ಭರ್ಜರಿ, ವೇದಿಕೆಯಲ್ಲಿ ಒಂಬತ್ತನೇ ಬಾರ್‌ನಲ್ಲೇ ಗಂಟಲು ಕೈಕೊಡುತ್ತದೆ. ನಿಂತುಕೊಂಡು, ತಡೆಯದೆ, ಬೆನ್ನುಬೆನ್ನಿಗೆ ಎರಡು ಸಲ ಹೇಳಿಸಿ. ಎಲ್ಲಿ ಉಸಿರು ಸಿಗುವುದಿಲ್ಲವೋ ಅಲ್ಲೊಂದು ಪದ ಕಿತ್ತುಹಾಕಿ. ಇದಕ್ಕೆ ಹುಡುಗರು ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಬಿಡಬೇಡಿ.

ಬಿಡುಗಡೆಗೆ ಮೂರು ನಾಲ್ಕು ವಾರ ಮುಂಚೆ ಡಿಸ್ಟ್ರಿಬ್ಯೂಟರಿಗೆ (ಹಾಡನ್ನು ಸ್ಪಾಟಿಫೈ ಮುಂತಾದ ಕಡೆ ತಲುಪಿಸುವ ಕಂಪನಿ) ಕಳಿಸಿ: ವೇವ್ ಫೈಲ್ (ಗುಣಮಟ್ಟ ಕುಗ್ಗಿಸದ ಧ್ವನಿ ಫೈಲು), 3000 x 3000 ಪಿಕ್ಸೆಲಿನ ಕವರ್, ಭಾಷೆ ಕನ್ನಡವೋ ಕೊಂಕಣಿಯೋ ಎಂಬುದು. ಕಲಾವಿದನ ಹೆಸರು ಪ್ರತಿ ಹಾಡಿಗೂ ಒಂದೇ ಕಾಗುಣಿತದಲ್ಲಿರಲಿ, ಇಲ್ಲದಿದ್ದರೆ ಸ್ಪಾಟಿಫೈ ಎರಡು ಪುಟ ತೆರೆದು ಕೇಳುಗರನ್ನು ಹಂಚಿಬಿಡುತ್ತದೆ. ಅಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸ್ಟ್ರೀಮ್. 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿಗೆ ಕಾಸಿಲ್ಲ. ರೀಲಿನಲ್ಲಿ ಜನ ಗುನುಗಿದ ಸಾಲು ಹಾಡಿನ ಮೊದಲ ಅರ್ಧ ನಿಮಿಷದೊಳಗೇ ಬರಬೇಕು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಹಿಂಬಾಲಕರ ದಂಡೇ ಮಾಯವಾಯಿತಲ್ಲ, ಹಾಗಾಗಿ ಮಾಸ್ಟರ್ ಫೈಲು, ವಿಡಿಯೊ ಎಲ್ಲದರ ಪ್ರತಿ ಹಾರ್ಡ್‌ಡಿಸ್ಕಿನಲ್ಲೂ ಇರಲಿ.

ಜಾತ್ರೆ, ಗಣೇಶೋತ್ಸವದ ಕಾರ್ಯಕ್ರಮಕ್ಕೆ ಪ್ರತ್ಯೇಕ ಶೋ ಟ್ರ್ಯಾಕ್ ಮಾಡಿ: ಮುಖ್ಯ ಧ್ವನಿ ತೆಗೆದು, ಹುಕ್‌ನ (ಮತ್ತೆ ಮತ್ತೆ ಬರುವ ಸಾಲು) ಹಿಂಬದಿ ಧ್ವನಿ ಮಾತ್ರ ಉಳಿಸಿ. ಊರ ಸೌಂಡ್‌ನವರು ಎಷ್ಟೋ ಕಡೆ ಒಂದೇ ಚಾನೆಲ್ ಎಳೆಯುತ್ತಾರೆ, ಮೋನೊದಲ್ಲಿ (ಎರಡೂ ಚಾನೆಲ್ ಒಂದಾಗಿಸಿ) ಕೇಳಿ ನೋಡದೆ ಕೊಡಬೇಡಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ್ದರಿಂದ ನಿಮ್ಮ ಸರದಿ ಎಷ್ಟು ಹೊತ್ತಿಗೆ ಎಂಬುದನ್ನು ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳಿ. ಭಾಷಣ ಉದ್ದವಾದರೆ ಮೊದಲು ಕತ್ತರಿ ಬೀಳುವುದು ರ‍್ಯಾಪಿಗೇ.